“ತಡೆದನು” ಅಂತ ಬರೆದಿದ್ದೀರಿ

ಪ್ರಿಯ ಬರಹಗಾರರೇ,

ಜಪಾನಿನ ಹಳೆಯ ಕಾಯ್ ಪ್ರಾಂತ್ಯ, ಹದಿನಾರನೇ ಶತಮಾನದಲ್ಲಿ ಅದನ್ನು ಆಳಿದ ತಕೆದಾ ಶಿಂಗೆನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಇಸವಿಗಳು ಸರಿಯಾಗಿವೆ, ಕಾಗುಣಿತ ತಪ್ಪಿಲ್ಲ. (ಕಾಯ್ ಅಂದರೆ ನಮ್ಮವರಿಗೆ ತೆಂಗಿನಕಾಯಿ ನೆನಪಾಗುತ್ತೆ. ಈಗಿನ ಯಮನಾಶಿ ಅಂತ ಮೊದಲ ಸಾಲಲ್ಲೇ ಹೇಳಿಬಿಡಿ.) ಆದರೆ ಆರನೇ ಪುಟದ ಒಂದು ವಾಕ್ಯ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ.

“ದೂರದೃಷ್ಟಿಯ ಶಿಂಗೆನ್ ಬೃಹತ್ ಅಣೆಕಟ್ಟನ್ನು ಕಟ್ಟಿಸಿ ಪ್ರವಾಹವನ್ನು ತಡೆದನು.”

ಏಳೇ ಪದ. ಅದರಲ್ಲಿ ಎರಡು ತಪ್ಪು. ಅದು ಅಣೆಕಟ್ಟಲ್ಲ, ನದಿದಂಡೆಯ ಒಡ್ಡು. ಇನ್ನು “ತಡೆದನು”. ತಡೆಯಲೇ ಇಲ್ಲ ಮಾರಾಯ್ರೇ! ಪಶ್ಚಿಮದ ಬೆಟ್ಟದಿಂದ ಮಿದಾಯ್ ಹೊಳೆ ರಭಸವಾಗಿ ಇಳಿದು ಕಮನಾಶಿ ನದಿಗೆ ಬಡಿಯುತ್ತಿತ್ತು. ಕೋಫು ಬಯಲು ಮುಳುಗುತ್ತಿತ್ತು. ಅದಕ್ಕೆ ಶಿಂಗೆನ್ ಕಡೆಯವರು ಹೊಳೆಯನ್ನು ಸೀಳಿ, ಎದುರಿನ ಬಂಡೆಗೋಡೆಗೆ ಹೊಡೆಯುವ ಹಾಗೆ ತಿರುಗಿಸಿದರು. ಬಂಡೆಗೆ ಬಡಿದ ನೀರಿನ ಸೊಕ್ಕು ಅಲ್ಲೇ ಮುರಿಯಿತು. ಕೆಳಗಿನ ಒಡ್ಡನ್ನೂ ಉದ್ದಕ್ಕೆ ಒಂದೇ ಸಮ ಕಟ್ಟಲಿಲ್ಲ. ತುಂಡು ತುಂಡಾಗಿ, ಒಂದರ ಬಾಲ ಇನ್ನೊಂದರ ತಲೆ ದಾಟುವಂತೆ ಕಟ್ಟಿ, ನಡುವೆ ಬೇಕಂತಲೇ ಸಂದು ಬಿಟ್ಟರು. ನದಿ ಉಕ್ಕಿದರೆ ನೀರು ಆ ಸಂದಿನಿಂದ ಹಿಂದಿನ ಗದ್ದೆಗಳಿಗೆ ಮೆಲ್ಲಗೆ ಹರಡುತ್ತೆ. ನದಿ ಇಳಿದರೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. “ತಡೆದನು” ಅಂದ ತಕ್ಷಣ ಆ ಸಂದುಗಳನ್ನೆಲ್ಲ ನೀವು ಮುಚ್ಚಿಬಿಟ್ಟಿರಿ.

“ದೂರದೃಷ್ಟಿಯ” ಅನ್ನುವುದನ್ನೂ ತೆಗೆಯಿರಿ. ಒಡ್ಡಿನ ಹತ್ತಿರದ ರ್‍ಯೂಓದಲ್ಲಿ ಬಂದು ನೆಲೆಸುವವರಿಗೆ ಮನೆ ತೆರಿಗೆ ಮಾಫಿ ಅಂತ ಶಿಂಗೆನ್ 1560ರಲ್ಲಿ ಆದೇಶ ಕೊಟ್ಟಿದ್ದ. ಒಡ್ಡಿನ ಪಕ್ಕದಲ್ಲಿ ಜನ ಇದ್ದರೆ ತಾನೇ ಅದನ್ನು ನೋಡಿಕೊಳ್ಳೋದು? ಇದನ್ನು ಬರೆಯಿರಿ. ಅವನ ದೃಷ್ಟಿ ದೂರದ್ದೋ ಹತ್ತಿರದ್ದೋ ಓದುಗರೇ ನೋಡಿಕೊಳ್ಳುತ್ತಾರೆ.

ನಾನು ಒಂದು ಮಾಸಪತ್ರಿಕೆಯಲ್ಲಿ ಕರಡು ತಿದ್ದೋಕೆ ಸೇರಿದ ಹೊಸತರಲ್ಲಿ ನಮ್ಮೂರ ಕೆರೆಯ ಬಗ್ಗೆ ಒಂದು ಪುಟ ಬರೆದು ಸಂಪಾದಕರ ಮುಂದಿಟ್ಟಿದ್ದೆ. “ಏರಿ ಮಳೆನೀರನ್ನೆಲ್ಲ ತಡೆದು ನಿಲ್ಲಿಸುತ್ತದೆ” ಅಂತಿತ್ತು. ಅವರು ಆ ಸಾಲಿನ ಕೆಳಗೆ ಗೆರೆ ಎಳೆದು, ಕನ್ನಡಕ ಮೇಲೆತ್ತಿ, “ಕೋಡಿ ಎಲ್ಲಯ್ಯಾ?” ಅಂದರು. ಕೋಡಿ ಬಿದ್ದ ದಿನ ಸ್ಕೂಲು ತಪ್ಪಿಸಿ ಮೀನು ಹಿಡಿಯೋಕೆ ಓಡುತ್ತಿದ್ದವನು ನಾನು! ಬರೆಯೋಕೆ ಕೂತಾಗ ಅದೇ ಮರೆತುಹೋಗಿತ್ತು. ಆ ಪುಟ ಅಚ್ಚಾಗಲಿಲ್ಲ.

ಇನ್ನೊಂದು ಉಪ್ಪಿನ ವಿಷಯ. ಎರಡನೇ ಪುಟದಲ್ಲಿ “ಕಾಯ್ ಪ್ರಾಂತ್ಯವು ಸಮುದ್ರತೀರವನ್ನು ಹೊಂದಿರುವುದಿಲ್ಲ” ಅಂತಿದೆ. ಏಳನೇ ಪುಟದಲ್ಲಿ “ಇಮಾಗಾವಾ ಮನೆತನದವರು ಉಪ್ಪು ನಿಲ್ಲಿಸಿದ್ದರಿಂದ ಜನರು ಕಷ್ಟ ಅನುಭವಿಸಿದರು” ಅಂತಿದೆ. ಎರಡೂ ಒಂದೇ ಮಾತು ಅಲ್ವಾ? ಅವು ಐದು ಪುಟ ದೂರ ಯಾಕೆ ಕೂತಿವೆ? ದಕ್ಷಿಣಕ್ಕೆ ಇಮಾಗಾವಾಗಳ ಸುರುಗಾ ಪ್ರಾಂತ್ಯ, ಅದರಾಚೆ ಸಮುದ್ರ. ಆ ದಾರಿ ಮುಚ್ಚಿದರೆ ಕಾಯ್‌ನಲ್ಲಿ ಮಿಸೊ (ಸೋಯಾಕಾಳಿಗೆ ಉಪ್ಪು ಹಾಕಿ ಹುದುಗಿಸುವ ಹಿಟ್ಟು) ಮಾಡೋದು ಹೇಗೆ? 1607ರಲ್ಲಿ, ಕಾಯ್‌ನಿಂದ ಆ ಸಮುದ್ರಕ್ಕೆ ಹರಿಯುವ ಫುಜಿ ನದಿಯಲ್ಲಿ ದೋಣಿ ದಾರಿ ತೆರೆದ ಮೇಲೆ ಕೆಳಕ್ಕೆ ಅಕ್ಕಿ ಹೋಗುತ್ತಿತ್ತು, ಮೇಲಕ್ಕೆ ಉಪ್ಪು ಬರುತ್ತಿತ್ತು. ಈ ದೋಣಿಗಳು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಶಿಂಗೆನ್‌ನ ಶತ್ರು, ಉತ್ತರದ ಎಚಿಗೊ ಪ್ರಾಂತ್ಯದ ಒಡೆಯ ಕೆನ್‌ಶಿನ್ ಉದಾರವಾಗಿ ಉಪ್ಪು ಕಳಿಸಿದ ಅನ್ನುವುದನ್ನು ನಡೆದ ಸಂಗತಿಯಂತೆ ಬರೆದಿದ್ದೀರಿ. ಅದು ಆಮೇಲೆ ಬೆಳೆದ ಕಥೆ. ತನ್ನ ಕಡೆಯ ವ್ಯಾಪಾರಿಗಳನ್ನು ಅವನು ನಿಲ್ಲಿಸಲಿಲ್ಲ ಅನ್ನುವುದೇ ಹೆಚ್ಚು ನಂಬುವಂಥ ಮಾತು. ಕಥೆಯನ್ನು ಕಥೆ ಅಂತಲೇ ಹೇಳಿ, ಚೆನ್ನಾಗಿರುತ್ತೆ.

ಕದನಗಳ ಭಾಗದ ಬಗ್ಗೆ ಏನೂ ಹೇಳಿಲ್ಲ, ಸುಮ್ನೆ ಓದಿಕೊಂಡು ಹೋದೆ. ಎರಡನೇ ಪುಟ ಹರಿದು ಹಾಕಿ. ಅದರಲ್ಲಿದ್ದ ಬೆಟ್ಟ, ಹೊಳೆ, ಗದ್ದೆಗಳನ್ನು ಆರು, ಏಳನೇ ಪುಟಗಳಲ್ಲಿ ಬೇಕಾದ ಕಡೆ ಇಟ್ಟು ಮತ್ತೆ ಕಳಿಸಿ. ಒಡ್ಡಿನ ಒಂದು ನಕ್ಷೆ ಕೈಯಲ್ಲೇ ಬರೆದು ಜೊತೆಗಿಡಿ, ಸಂದುಗಳು ಕಾಣಬೇಕು.