ಪ್ರೈಡ್‌ಗೆ ತಮಟೆ ಹಿಡ್ಕೊಂಡು ಹೋಗಬಹುದಾ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ಏಳೆಂಟು ಹುಡುಗರ ತಮಟೆ ತಂಡ. ಸಲಿಂಗಿಗಳು, ಮಂಗಳಮುಖಿಯರು ಎಲ್ಲ ಸೇರಿ ತಮ್ಮ ಹಕ್ಕಿಗಾಗಿ ಮಾಡೋ ಬೆಂಗಳೂರಿನ ಪ್ರೈಡ್ ಮೆರವಣಿಗೆಗೆ ಕರೆದಿದ್ದಾರೆ. ನಮ್ಮಪ್ಪ ಮಾತ್ರ, ‘ಅಂಥ ಕಡೆ ಹೋದ್ರೆ ಆಮೇಲೆ ಊರಲ್ಲಿ ಮದುವೆ, ಜಾತ್ರೆಗೆ ಯಾರೂ ಕರೆಯಲ್ಲ’ ಅಂತಿದ್ದಾರೆ. ನೀವು ಅಲ್ಲಿ ಬಾರಿಸಿದ್ದೀರಂತೆ. ಹೇಗಿತ್ತು? ನಾವು ಹೋಗಬಹುದಾ?
– ಹೆಸರು ಬೇಡ, ಮುಳಬಾಗಿಲು

ಉತ್ತರ: ಹೋಗು ತಮ್ಮಾ. ನಿಮ್ಮಪ್ಪನ ಭಯ ಸುಳ್ಳು ಅನ್ನಲ್ಲ, ಒಂದಿಬ್ಬರು ಕೊಂಕು ಮಾತಾಡೇ ಆಡ್ತಾರೆ. ಆದರೆ ತಮಟೆಯವರಿಗೆ ‘ಹೆಸರು ಕೆಡುತ್ತೆ’ ಅಂತ ಹೆದರಿಸಿದರೆ ನನಗೆ ನಗು ಬರುತ್ತೆ. ಹಬ್ಬಕ್ಕೆ ನಾವು ಬೇಕು, ಹೆಣದ ಮುಂದೆ ನಾವು ಬೇಕು, ಊಟಕ್ಕೆ ಮಾತ್ರ ಆಚೆ ಕೂರಬೇಕು. ಅದನ್ನೆಲ್ಲ ಉಂಡು ಬಂದವರಲ್ವಾ ನಾವು? 2023ರಲ್ಲಿ ಚಿಂತಾಮಣಿ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಆಮೇಲೆ ತಮಟೆಯನ್ನು ಮೂಗು ಮುರಿದು ನೋಡುತ್ತಿದ್ದವರೇ ಸೆಲ್ಫಿ ಕೇಳೋಕೆ ಶುರು ಮಾಡಿದರು. ಇದನ್ನ ನಿಮ್ಮಪ್ಪನಿಗೆ ನೆನಪು ಮಾಡು.

ಬೆಂಗಳೂರಲ್ಲಿ ಈ ಮೆರವಣಿಗೆ ಶುರುವಾಗಿದ್ದು 2008ರ ಜೂನ್ 29ರಂದು. ದೆಹಲಿ, ಕೋಲ್ಕತ್ತದಲ್ಲೂ ಅದೇ ದಿನ ನಡೆದಿತ್ತು. ನಾನು ಬಾರಿಸಿದ್ದು 2017ರಲ್ಲಿ, ಮೆಜೆಸ್ಟಿಕ್‌ನ ತುಳಸಿ ಪಾರ್ಕಿಂದ ಟೌನ್‌ಹಾಲ್‌ವರೆಗೆ. ಆಗಿನ್ನೂ ಸಲಿಂಗ ಸಂಬಂಧವನ್ನು ಅಪರಾಧ ಅಂತಿದ್ದ 377ನೇ ಕಲಂ ಹಳೇ ರೂಪದಲ್ಲೇ ಇತ್ತು. ವಯಸ್ಕರು ಒಪ್ಪಿ ಇಟ್ಟುಕೊಂಡ ಅಂಥ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಹಾಗಾಗಿ ಕೆಲವರು ಮುಖಕ್ಕೆ ಮುಖವಾಡ ಹಾಕಿಕೊಂಡೇ ಬಂದಿದ್ದರು. ಮುಖ ಕಾಣಲ್ಲ, ಕಾಲು ಮಾತ್ರ ನಿಲ್ಲಲ್ಲ!

ಜಾತ್ರೆಯಲ್ಲಿ ಜನಕ್ಕೆ ನಮ್ಮ ಏಟು ಗೊತ್ತಿರುತ್ತೆ. ಯಾವಾಗ ಜೋರಾಗುತ್ತೆ, ಯಾವಾಗ ನಿಲ್ಲುತ್ತೆ ಅಂತ ಕಾಯ್ತಾ ಇರ್ತಾರೆ. ಇಲ್ಲಿ ಹಾಗಲ್ಲ. ಹಿಂದೆ ಕಾಲೇಜು ಹುಡುಗರು ಸಿನಿಮಾ ಸ್ಟೆಪ್ ಹಾಕ್ತಿದ್ದರು, ಪಕ್ಕದಲ್ಲಿ ಘೋಷಣೆ ಕೂಗೋರು. ನಾವು ಊರಿನ ಗತ್ತಲ್ಲಿ ಬಿರುಸಾಗಿ ಶುರು ಮಾಡಿದೆವು. ಕೆಂಪು ಸೀರೆಯ ಮಂಗಳಮುಖಿ ಅಕ್ಕ ಒಬ್ಬರು ನೇರ ನನ್ನ ಮುಂದೆ ಬಂದು ನಿಂತರು. ಬೆರಳು ಅಗಲಿಸಿ, ಅಂಗೈಗೆ ಅಂಗೈ ಬಡಿದು ಎರಡು ನಿಧಾನದ ಚಪ್ಪಾಳೆ, ಮೂರು ಬೇಗನೆ. ‘ಇದಕ್ಕೆ ಬಾರಿಸೋ ರಾಜಾ’ ಅಂದರು. ನಮ್ಮ ಏಟು ಬಿಟ್ಟು ಅವರದ್ದು ಹಿಡಿದೆವು. ಎಡಗೈಯ ತೆಳು ಬಿದಿರ ಕಡ್ಡಿಯಲ್ಲಿ ಅವರ ಬೇಗದ ಚಪ್ಪಾಳೆ, ಬಲಗೈಯ ಗಿಡ್ಡ ಕೋಲಲ್ಲಿ ನಿಧಾನದ್ದು. ಸುತ್ತಲಿದ್ದವರೆಲ್ಲ ಅದಕ್ಕೇ ಹೆಜ್ಜೆ ಹಾಕಿದರು. ನೀವೂ ಅಷ್ಟೆ, ಕಲಿತದ್ದನ್ನೆಲ್ಲ ತೋರಿಸೋಕೆ ಹೋಗಬೇಡಿ. ಕುಣಿಯೋರನ್ನು ನೋಡಿಕೊಂಡು ಬಾರಿಸಿ.

ಇನ್ನೊಂದು ಕಷ್ಟ, ಚರ್ಮ ಬಿಗಿಯಾಗೋಕೆ ತಮಟೆ ಕಾಯಿಸೋದು. ಊರಲ್ಲಾದರೆ ಹುಲ್ಲೋ ಕಾಗದವೋ ಹೊತ್ತಿಸ್ತೀವಿ. ಅಲ್ಲಿ ಜನರ ಮಧ್ಯೆ ಬೆಂಕಿ ಹಾಕೋಕಾಗುತ್ತಾ? ನಾವು ಟೀ ಅಂಗಡಿಯವನ ಕೈಕಾಲು ಹಿಡಿದು ಅವನ ಸ್ಟವ್ ಮುಂದೆ ಕಾಯಿಸಿಕೊಂಡೆವು. ಚರ್ಮ ಅರ್ಧ ದಾರಿಗೇ ಸಡಿಲ ಆಯ್ತು. ಈಗಂತೂ ಪ್ರೈಡ್ ಚಳಿಗಾಲದಲ್ಲೇ ಜಾಸ್ತಿ. ಎರಡು ಫೈಬರ್ ತಮಟೆ ಜೊತೆಗಿಟ್ಟುಕೊಳ್ಳಿ. ಆ ನಾದ ನನಗೆ ಹಿಡಿಸಲ್ಲ, ಆದರೆ ಕೈ ಕೊಡಲ್ಲ.

ನಿಮ್ಮಲ್ಲಿ ರೀಲ್ಸ್ ಮಾಡೋ ಹುಡುಗ ಇದ್ದೇ ಇರ್ತಾನೆ. ಅವನಿಗೆ ಮೊದಲೇ ಹೇಳಿಡು: ಕೇಳದೆ ಯಾರ ಮುಖವನ್ನೂ ವಿಡಿಯೊ ಮಾಡಬಾರದು. ಮನೆಯಲ್ಲಿ ಹೇಳದೆ ಬಂದವರು ಈಗಲೂ ಇರ್ತಾರೆ. ನಿನ್ನ ಲೈಕ್‌ಗೋಸ್ಕರ ಒಬ್ಬರ ಕೆಲಸ ಹೋಗಬಾರದು.

ಪ್ರಶ್ನೆ: ನಾನು ಜನಪದ ಹಾಡ್ತೀನಿ ಸರ್. ಪ್ರೈಡ್ ವೇದಿಕೆಯಲ್ಲಿ ಇಂಗ್ಲಿಷ್, ಹಿಂದಿ ಹಾಡೇ ನಡೆಯೋದಂತೆ. ನಮ್ಮ ಹಾಡು ಅಲ್ಲಿಗೆ ಹೊಂದುತ್ತಾ?
– ಒಬ್ಬ ಗಾಯಕಿ, ತುಮಕೂರು

ಉತ್ತರ: ಯಾರಮ್ಮಾ ಹಾಗೆ ಹೇಳಿದ್ದು? ಯಲ್ಲಮ್ಮನ ಜೋಗತಿಯರು ತಲೆ ಮೇಲೆ ಕೊಡ ಹೊತ್ತು ಕುಣೀತಾ, ಚೌಡಿಕೆ ನುಡಿಸ್ತಾ ಬಂದದ್ದು ಎಷ್ಟು ಕಾಲದಿಂದ? ಅವರಲ್ಲೊಬ್ಬರು, ಮಂಗಳಮುಖಿ ಜೋಗತಿ ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೇ ಸೆರಗಲ್ಲಿ ದೃಷ್ಟಿ ತೆಗೆದರು, ಟೀವಿಯಲ್ಲಿ ನೋಡಿರ್ತೀರಿ. ಆ ಸಮುದಾಯಕ್ಕೆ ಜನಪದವನ್ನು ನಾವು ಪರಿಚಯ ಮಾಡಿಸಬೇಕಾ?

ಮೆರವಣಿಗೆ ಮುಗಿಸಿ ಕೂತ ಜನ ದಣಿದಿರ್ತಾರೆ. ಉದ್ದದ ಲಾವಣಿ ಬೇಡ. ಪಲ್ಲವಿಗೆ ಅವರೂ ದನಿಗೂಡಿಸುವಂಥದ್ದು ಆರಿಸಿಕೊಳ್ಳಿ. ಮೈಕ್ ಒಂದೇ ಇರಬಹುದು, ತಾಳದವರನ್ನು ಹತ್ತಿರ ನಿಲ್ಲಿಸಿಕೊಳ್ಳಿ. ಸಂಭಾವನೆ ಎಷ್ಟು ಅಂತ ಹೋಗುವ ಮುಂಚೆಯೇ ಕೇಳಿ. ದೇಣಿಗೆ ಎತ್ತಿ ಮಾಡೋ ಕಾರ್ಯಕ್ರಮ, ಜಾಸ್ತಿ ಸಿಗದೇ ಇರಬಹುದು. ಬಸ್ ಚಾರ್ಜು, ಊಟ ಆದರೂ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.