ಹಳೆ ಹರಿಗೋಲು ಸಿಕ್ಕಿದೆ, ಹುಟ್ಟು ಹಾಕೋಕೆ ಬರಲ್ಲ. ಎಲ್ಲಿಂದ ಶುರು ಮಾಡಲಿ?

ನಿಮ್ಮ ಸೋದರಮಾವನ ಬಿದಿರಿನ ಹರಿಗೋಲು ಹಿತ್ತಲಲ್ಲಿ ಕೆಲವು ವರ್ಷದಿಂದ ಸುಮ್ನೆ ಬಿದ್ದಿದೆ, ಅದನ್ನು ರಿಪೇರಿ ಮಾಡಿ ನಡೆಸೋದು ಕಲಿಯಬೇಕು ಎಂದು ಕೇಳಿದ್ದೀರಿ. ಗಂಗಾವತಿಯವರು ಎಂದು ಓದಿ ಖುಷಿಯಾಯಿತು. ನಾನು ಆನೆಗೊಂದಿ ಕಡೆಯವನು. ನಮ್ಮೂರಿನ ಒಬ್ಬ ಹಿರಿಯ ಅಂಬಿಗರ ಹತ್ತಿರ ಕಲಿತವನು. ಈಗ ಎಲ್ಲಿ ನೋಡಿದರೂ ಫೈಬರಿನವೇ ಜಾಸ್ತಿ. ಹಾಗಾಗಿ ಮೊದಲ ಮಾತು: ಅದನ್ನು ಒಲೆಗೆ ಹಾಕೋಕೆ ಯಾರಿಗೂ ಬಿಡಬೇಡಿ.

ಎಲ್ಲರೂ ಮೊದಲು ಮಾಡೋದು ಡಾಂಬರು ತಂದು ಬಳಿಯೋದು. ಅದು ಕೊನೆಯ ಕೆಲಸ. ಮೊದಲು ಬಿದಿರು ನೋಡಬೇಕು. ಒಳಗಡೆ ಕೂತು ಒಂದೊಂದು ಸೀಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಬಿದಿರು ಬಾಗಿ ಮತ್ತೆ ಮೇಲೆ ಬರುತ್ತದೆ. ಹುಳ ಹಿಡಿದದ್ದು ಒಳಗೆ ಕುಸಿಯುತ್ತದೆ, ಸಣ್ಣ ತೂತುಗಳಿಂದ ಹಳದಿ ಹುಡಿ ಉದುರುತ್ತದೆ. ತಳ ಮತ್ತು ಪಕ್ಕ ಸೇರುವ ಬಾಗಿದ ಜಾಗವನ್ನು ಎರಡು ಸಲ ನೋಡಿ. ದಂಡೆಗೆ ತಾಗುವಾಗ, ಬಂಡೆಗೆ ಉಜ್ಜುವಾಗ ಪೆಟ್ಟು ಬೀಳೋದು ಅಲ್ಲಿಗೇ. ಅಲ್ಲೊಂದು ಇಲ್ಲೊಂದು ಸೀಳು ಹೋಗಿದ್ದರೆ ಚಿಂತೆಯಿಲ್ಲ, ಬುಟ್ಟಿ ಹೆಣೆಯುವ ಮೇದಾರರು ಹೊಸ ಸೀಳು ತೂರಿಸಿ ಕೊಡುತ್ತಾರೆ. ಕೆಲವು ವಾರ ಹರಿಯುವ ನೀರಿನಲ್ಲಿ ನೆನೆಸಿ ಒಣಗಿಸಿದ ಬಿದಿರನ್ನೇ ಕೇಳಿ. ನೆನೆದಾಗ ಅದರೊಳಗಿನ ಪಿಷ್ಟ ಕಡಿಮೆಯಾಗುತ್ತದೆ, ಹುಳ ಹಿಡಿಯೋದೂ ಕಡಿಮೆ. ಬಾಯಿಯ ಸುತ್ತ ಇರುವ ದಪ್ಪ ಕಟ್ಟು ಸಡಿಲವಾಗಿದ್ದರೆ ಮಾತ್ರ ಪೂರ್ತಿ ಬಿಚ್ಚಿ ಕಟ್ಟಿಸಬೇಕು. ಇಡೀ ಹರಿಗೋಲನ್ನು ದುಂಡಗೆ ಹಿಡಿದಿಡೋದು ಅದೇ.

ಆಮೇಲೆ ತೂತು ಹುಡುಕೋದು. ಇದು ನನಗೆ ಬಹಳ ಇಷ್ಟದ ಕೆಲಸ. ನಡು ಮಧ್ಯಾಹ್ನ ಹರಿಗೋಲನ್ನು ಬೋರಲು ಹಾಕಿ, ಒಂದು ಬದಿಗೆ ಕಲ್ಲು ಕೊಟ್ಟು ಎತ್ತಿ, ಕೆಳಗೆ ನುಸುಳಿ ಅಂಗಾತ ಮಲಗಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಡಾಂಬರು ಬಿಟ್ಟ ಕಡೆಯೆಲ್ಲ ಬೆಳಕಿನ ಚುಕ್ಕೆ ಕಾಣುತ್ತದೆ. ಹೊರಗೆ ಒಬ್ಬರನ್ನು ನಿಲ್ಲಿಸಿಕೊಳ್ಳಿ. ನೀವು ಒಳಗಿನಿಂದ ಕಡ್ಡಿಯಲ್ಲಿ ತಟ್ಟಿದ ಕಡೆ ಅವರು ಸುಣ್ಣದಿಂದ ಗುರುತು ಹಾಕಲಿ. ಗುರುತು ಬಿದ್ದ ಕಡೆ ಹೊರಗಿನ ಹಳೆ ಡಾಂಬರು ಕೆರೆದು, ಧೂಳು ಒರೆಸಿ, ತೂತಿಗಿಂತ ಒಂದು ಗೇಣು ದೊಡ್ಡದಾಗಿ ಗೋಣಿಚೀಲ ಕತ್ತರಿಸಿ, ಬಿಸಿ ಡಾಂಬರಿನಲ್ಲಿ ಅಂಟಿಸಿ, ಮೇಲೆ ಇನ್ನೊಂದು ಸಲ ಬಳಿಯಿರಿ. ಹಸಿ ಇದ್ದರೆ ಡಾಂಬರು ಹಿಡಿಯಲ್ಲ, ಎರಡು ದಿನದಲ್ಲಿ ಸಿಪ್ಪೆ ಏಳುತ್ತದೆ. ಕಾಯಿಸುವಾಗ ಸಣ್ಣ ಉರಿ ಸಾಕು. ಡಬ್ಬಿಯಲ್ಲಿ ನೀರಿನ ಹನಿ ಇದ್ದರೂ ಉಕ್ಕಿ ಮೈಮೇಲೆ ಬರುತ್ತದೆ, ಮಕ್ಕಳನ್ನು ದೂರ ಇಡಿ.

ಹಿಂದೆ ಇದಕ್ಕೆಲ್ಲ ಚರ್ಮವೇ. 1520ರ ಸುಮಾರಿಗೆ ವಿಜಯನಗರ ನೋಡೋಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ತುಂಗಭದ್ರಾ ಹೊಳೆಯ ಹರಿಗೋಲಿನ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿವೆ, ಹೊರಗೆ ಚರ್ಮ ಹೊದಿಸಿದ್ದಾರೆ, 15–20 ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ ಎಂದಿದ್ದಾನೆ. ಬೇರೆ ದೋಣಿಗಳ ತರಹ ನೆಟ್ಟಗೆ ಹೋಗಲ್ಲ, ಯಾವಾಗಲೂ ತಿರುಗುತ್ತಲೇ ಇರುತ್ತವೆ ಎಂದೂ ಬರೆದಿದ್ದಾನೆ.

ನಿಮಗೂ ಮೊದಲು ಆಗೋದು ಅದೇ, ತಿರುಗೋದು. ಯಾಕೆಂದರೆ ಹರಿಗೋಲಿಗೆ ಹಿಂದೆ ಮುಂದೆ ಎಂಬುದಿಲ್ಲ, ತಳದಲ್ಲಿ ನೀರನ್ನು ಕತ್ತರಿಸುವ ಏಣೂ ಇಲ್ಲ. ಪಕ್ಕದಲ್ಲಿ ಕೂತು ಹುಟ್ಟು ಹಾಕಿದರೆ ಗಿರಕಿ ಹೊಡೆಯದೆ ಇನ್ನೇನು ಮಾಡುತ್ತದೆ? ಹೋಗಬೇಕಾದ ಕಡೆ ಮುಖ ಮಾಡಿ, ಆ ಕಡೆಯ ಅಂಚಿಗೆ ಮಂಡಿಯೂರಿ ಕೂತುಕೊಳ್ಳಿ. ಹುಟ್ಟನ್ನು ನಿಮ್ಮ ಎದುರಿಗೇ, ಕೈ ಚಾಚಿದಷ್ಟು ದೂರ ಇಳಿಸಿ, ನೀರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಒಂದು ಎಳೆತ ಸ್ವಲ್ಪ ಎಡಕ್ಕೆ, ಇನ್ನೊಂದು ಸ್ವಲ್ಪ ಬಲಕ್ಕೆ. ತೋಳಿನ ಬಲ ಅಷ್ಟು ಬೇಡ, ಸೊಂಟದಿಂದ ಬಾಗಿ ಎಳೆಯಬೇಕು. ಜೊತೆಗೆ ಬಂದವರು ಹಿಂದೆ ಕೂರಲಿ, ಇಲ್ಲದಿದ್ದರೆ ನಿಮ್ಮ ಕಡೆ ತಗ್ಗುತ್ತದೆ. ಹತ್ತುವಾಗ ಅಂಚು ತುಳಿಯಬೇಡಿ. ಬಗ್ಗಿ, ಎರಡೂ ಕೈಯಲ್ಲಿ ಬಾಯಿ ಹಿಡಿದು, ಕಾಲನ್ನು ನಡುವೆ ಇಡಿ. ಒಳಗೆ ಯಾರೂ ನಿಲ್ಲಬಾರದು.

ಇದನ್ನೆಲ್ಲ ಕಲಿಯೋದು ಕೆರೆಯಲ್ಲಿ, ಸೊಂಟದಷ್ಟು ನೀರಿರುವ ಕಡೆ. ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಿರಿ, ಈಜು ಬಂದರೂ ಸರಿ. ಕಾಲುವೆ ಬಾಯಿಯ ಹತ್ತಿರ ಮಾತ್ರ ಹೋಗಬೇಡಿ, ಅಲ್ಲಿ ಮೇಲೆ ಕಾಣದ ಸೆಳವು ಇರುತ್ತದೆ.

ಹೊಳೆಯ ಮಾತೇ ಬೇರೆ. ಅಲ್ಲಿ ಹುಟ್ಟಿಗಿಂತ ಕಣ್ಣು ಮುಖ್ಯ. ನೇರ ಎದುರು ದಂಡೆಗೆ ಗುರಿ ಇಟ್ಟರೆ ಎಲ್ಲೋ ಕೆಳಗೆ ಹೋಗಿ ಸೇರುತ್ತೀರಿ. ಅದಕ್ಕೇ ಅಂಬಿಗರು ಮೊದಲು ದಂಡೆಯ ಪಕ್ಕದ ನಿಧಾನ ನೀರಿನಲ್ಲಿ ಮೇಲಕ್ಕೆ ಹೋಗಿ, ಅಲ್ಲಿಂದ ಬಿಡುತ್ತಾರೆ. ಸೆಳವು ಇಳಿಸಿಕೊಂಡು ಬರುವಷ್ಟರಲ್ಲಿ ಸರಿಯಾಗಿ ಕಡವಿಗೆ, ಅಂದರೆ ಹೊಳೆ ದಾಟುವ ಜಾಗಕ್ಕೆ, ಬಂದಿರುತ್ತಾರೆ. ನೀರಿನ ಮೇಲೆ ಒಂದೇ ಜಾಗದಲ್ಲಿ ಉಬ್ಬು ಕಂಡರೆ ಕೆಳಗೆ ಬಂಡೆ ಇದೆ ಎಂದು ತಿಳಿಯಿರಿ. ನಮ್ಮ ಭಾಗದ ಹೊಳೆಯಲ್ಲಿ ಮೊಸಳೆಯೂ ಇವೆ, ಕೈಕಾಲು ನೀರಿಗೆ ಬಿಟ್ಟು ಕೂರೋದು ಬೇಡ.

ಎಲ್ಲಕ್ಕಿಂತ ಜಾಸ್ತಿ ನನಗೆ ಭಯ ಇರೋದು ಡ್ಯಾಮಿನ ನೀರಿನದು. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ ಎಷ್ಟು ತೆರೆದಿವೆ ಎಂಬುದರ ಮೇಲೆ ನಮ್ಮ ಹೊಳೆ ನಿಂತಿದೆ. ಇಲ್ಲಿ ಒಂದು ಹನಿ ಮಳೆ ಇರಲ್ಲ, ಮಲೆನಾಡಲ್ಲಿ ಸುರಿದ ನೀರು ಇಲ್ಲಿ ಹಂಪಿಯ ಹೊಳೆದಂಡೆಯ ಪುರಂದರ ಮಂಟಪ ಮುಳುಗಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಅಂಥದ್ದಕ್ಕೆ ಯಾರೂ ಮುಂಚೆ ಹೇಳಿ ಕಳಿಸಲ್ಲ. ಮಳೆಗಾಲದಲ್ಲಿ ಹೊರಹರಿವು ಎಷ್ಟು ಕ್ಯುಸೆಕ್ ಎಂದು ತಿಳಿಯದೆ ಹೊಳೆಗೆ ಇಳಿಯಬೇಡಿ. ಕಡವಿನಲ್ಲಿ ಹರಿಗೋಲು ನಿಲ್ಲಿಸಿದ್ದಾರೆ ಎಂದರೆ ನೀವೂ ನಿಲ್ಲಿಸಿ. ಮೊದಮೊದಲು ಅಂಬಿಗರೊಬ್ಬರು ಜೊತೆಗೆ ಇಲ್ಲದೆ ಹೊಳೆ ದಾಟೋದೇ ಬೇಡ. ಅವರ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ, ಅವರಿಗೂ ಮರ್ಯಾದೆ, ನಿಮಗೂ ಪಾಠ.

ಕೆಲಸ ಮುಗಿದ ಮೇಲೆ ನೆಲದ ಮೇಲೆ ಎಳೆಯಬೇಡಿ, ಇಬ್ಬರು ಹೊತ್ತು ತನ್ನಿ. ಬೋರಲು ಹಾಕಿ, ಕಲ್ಲಿನ ಮೇಲೆ ಎತ್ತರಿಸಿ, ನೆರಳಲ್ಲಿ ಇಡಿ. ನಮ್ಮ ಬೇಸಿಗೆಯ ಬಿಸಿಲಿಗೆ ಡಾಂಬರು ಮೆತ್ತಗಾಗಿ ಇಳಿಯುತ್ತದೆ. ಒಂದು ಬಾಯಿಕಟ್ಟಿನದು, ಒಂದು ತಳ-ಪಕ್ಕ ಸೇರುವ ಜಾಗದ್ದು, ಎರಡು ಫೋಟೋ ಇಲ್ಲೇ ಹಾಕಿ. ಎಷ್ಟು ಬಿದಿರು ಬದಲಿಸಬೇಕು ಎಂದು ನೋಡಿ ಹೇಳುತ್ತೇನೆ.