ಎಲ್ಲಾರೂ ನನ್ನ ಮುಂದೇ ಅಳತಾರ, ಅವರಿಗೆ ನೋವಾಗದಂಗ ‘ಸಾಕು’ ಅನ್ನೋದು ಹೆಂಗ?

ರಾತ್ರಿ ಅಳಕೋಂತ ಗೆಳತಿ ಮಾಡೋ ಫೋನ್ ನೀವು ಎತ್ತಲಿಲ್ಲಂದ್ರ ಮನಸ್ಸು ಚುಚ್ಚತೈತಿ, ಎತ್ತಿದ್ರ ನಿದ್ದಿ ಇಲ್ಲ ಅಂತ ಬರದೀರಿ. ಓದಿ ನಂದೇ ಕತಿ ಅನಿಸ್ತು.

ನಾನು ಬಾಗಲಕೋಟೆ ನವನಗರದಾಗ ಹೊಲಿಗೆ ಕ್ಲಾಸ್ ನಡಸ್ತೀನಿ. ಎರಡು ವರ್ಷದ ಹಿಂದ, ಬಾಣಂತನ ಮುಗಿಸಿ ಗಂಡನ ಮನಿಗೆ ಬಂದಿದ್ದ ನನ್ನ ಕ್ಲಾಸಿನ ಹುಡುಗಿ ದಿನಾ ರಾತ್ರಿ ಹನ್ನೊಂದಕ್ಕ ಫೋನ್ ಮಾಡಾಕತ್ತಿದಳು. ನನ್ನ ಚಾರ್ಜರ್ ವೈರ್ ಗಿಡ್ಡ. ಅಡಗಿಮನಿ ಕಟ್ಟಿಗೆ ಆನಿಕೊಂಡು, ಕಿವಿ ಬಿಸಿ ಆಗೂತನಕ ನಿಂತು ಕೇಳತಿದ್ದೆ. ಮುಂಜಾನೆ ಹಂಚಿನ ಮುಂದ ತೂಕಡಿಕಿ. ರೊಟ್ಟಿ ಸುಟ್ಟ ವಾಸನಿಗೇ ಎಚ್ಚರ. ಮಗನ ಮ್ಯಾಲೆ ಸುಮ್ಮಸುಮ್ಮನ ಒದರೋದು.

ಆದ್ರ ನನ್ನ ತಪ್ಪು ಫೋನ್ ಎತ್ತಿದ್ದಲ್ಲ. ಮೊದಲನೇ ದಿನ ಆಕಿ “ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ” ಅಂದಳು. ನಾನು “ನನ್ನ ಮಗನ ಆಣಿ, ಹೇಳಂಗಿಲ್ಲವಾ” ಅಂದೆ. ಆಣಿ ಹಾಕು ಅಂತ ಆಕಿ ಕೇಳಿರಲಿಲ್ಲ! ನಾನೇ ದೊಡ್ಡಾಕಿ ಆಗಾಕ ಹೋದೆ. ವಾರ ಕಳದ ಮ್ಯಾಲೆ “ಕೂಸಿನ ಮಾರಿ ನೋಡಿದ್ರೂ ಏನೂ ಅನಸವಲ್ದು, ಜೀವ ಬ್ಯಾಸರಾಗೇತ್ರಿ” ಅಂದಳು. ಅವರವ್ವ ಇದ್ದದ್ದು ಪಕ್ಕದ ಸೆಕ್ಟರಿನಾಗ. ಕಾಯಿಪಲ್ಲೆ ತಗೊಳ್ಳೋವಾಗ ಸಿಕ್ಕು “ನಮ್ಮ ಹುಡುಗಿ ಹೆಂಗದಾಳ್ರಿ?” ಅಂತ ಕೇಳತಿದ್ಲು. ನಾನು ಟೊಮೆಟೊ ಆರಿಸ್ಕೋಂತ “ಆರಾಮ ಅದಾಳ್ರಿ” ಅಂತಿದ್ದೆ. ಮೂರು ತಿಂಗಳು! ಅದು ಬಾಣಂತನದ ನಂತರ ಬರೋ ಖಿನ್ನತೆ, ಔಷಧಿ ಐತಿ, ವಾಸಿ ಆಗತೈತಿ. ನನ್ನ ಆಣಿಯಿಂದ ಔಷಧಿ ಶುರು ಆಗೋದು ಮೂರು ತಿಂಗಳು ತಡ ಆತು. ಗಂಡಗೂ ಹೇಳಲಾರದ ಹೊಟ್ಯಾಗ ಇಟಕೊಂಡು ನಾನೂ ಸೊರಗಿದೆ.

ಕಡೀಕ ಒಂದು ರಾತ್ರಿ ನನ್ನ ಸಲುವಾಗೇ 14416ಕ್ಕ ಫೋನ್ ಹಚ್ಚಿದೆ. ಅದು ಟೆಲಿ ಮಾನಸ್, ಮನಸ್ಸಿನ ಸಂಕಟಕ್ಕ ಇರೋ ಸರ್ಕಾರದ ಸಹಾಯವಾಣಿ, 2022ರಾಗ ಶುರು ಆಗೇತಿ. ರೊಕ್ಕ ಇಲ್ಲ, ಕನ್ನಡದಾಗೂ ಮಾತಾಡತಾರ, ಹಗಲು ರಾತ್ರಿ ಇರತೈತಿ. “ಇದು ಮತ್ತ್ಯಾರಿಗೆ ಗೊತ್ತೈತ್ರಿ?” ಅಂತ ಆ ಮೇಡಂ ಕೇಳಿದ್ರ ನನ್ನ ಬಾಯಿ ಕಟ್ಟಿತು. ಡಾಕ್ಟರು ಸುದ್ದಾ ಇಂಥ ಆಣಿ ಮಾಡಂಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆದಾಗೇ, ಜೀವಕ್ಕ ಅಪಾಯ ಇದ್ರ ಅದನ್ನ ತಪ್ಪಿಸಾಕ ಎಷ್ಟು ಬೇಕೋ ಅಷ್ಟು ಮಾತು ಹೊರಗ ಹಾಕಾಕ ಅವಕಾಶ ಇಟ್ಟಾರ.

ಮರುದಿನ ಅವರವ್ವಗ ಹೇಳಿದೆ. ಅವರು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಕರಕೊಂಡು ಹೋದ್ರು. ಈಗ ಆಕಿ ಚಲೋ ಅದಾಳ. ನನ್ನ ಕಂಡ್ರ ಮಾತ್ರ ಮಗಳ ಕೈ ಹಿಡಕೊಂಡು ರಸ್ತೆ ದಾಟಿ ಆ ಕಡೆ ಹೋಗತಾಳ.

ಅದಕ್ಕ, ನೋವಾಗದಂಗ ಹೇಳೋದು ಹೆಂಗ ಅನ್ನೋ ನಿಮ್ಮ ಪ್ರಶ್ನೆನೇ ನನಗ ಸೇರಂಗಿಲ್ಲ. ನೋವಾಗತೈತಿ, ಆಗಲಿ. ಒಂಬತ್ತರ ತನಕ ಎತ್ತತೀನಿ, ಆಮ್ಯಾಲೆ 14416 ಐತಿ ಅನ್ರಿ. ಜೀವದ ಮಾತು ಬಂದ್ರ ಮಾತ್ರ ಹೊತ್ತು ನೋಡಬ್ಯಾಡ್ರಿ, ನಡುರಾತ್ರಿ ಇದ್ರೂ ಅವರ ಮನಿಯವರನ್ನ ಎಬ್ಬಸ್ರಿ. ಮತ್ತ ನಿಮ್ಮ ಸಂಕಟ ಯಾರ ಮುಂದ ಹೇಳಕೋತೀರಿ ಅಂತ ಬರದೇ ಇಲ್ಲಲ್ಲ? ಗೆಳತಿಗೆ ಏನನ್ನೋದು ಆಮ್ಯಾಲೆ ನೋಡ್ರಿ, ಇವತ್ತ ಮದಲ ನಿಮ್ಮ ಸಲುವಾಗಿ ಆ ನಂಬರ್ ಹಚ್ಚರಿ.